ಟ್ರಾಂಡ್‌ಹೈಮಿನಲ್ಲಿ ಎರಡು ಉಡಿ

ಹಿರೇಕೆರೂರು

ಮೊದಲ ಸಲ ಪರದೇಶಕ್ಕೆ ಹೊರಟವಳು ನಾನು. ಚೀಲದಲ್ಲಿ ಎರಡು ಸ್ವೆಟರು, ಒಂದು ಡಬ್ಬಿ ಶೇಂಗಾ ಚಟ್ನಿ ಮತ್ತು ಒಂದು ತಪ್ಪು ಪ್ರಮೇಯ ಇದ್ದವು. ಮೂರನೆಯದು ತಪ್ಪು ಎಂಬುದು ಬುಧವಾರದ ತನಕ ಗೊತ್ತಿರಲಿಲ್ಲ. ಹಾಗಾಗಿ ಅಲ್ಲಿಯವರೆಗೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ನಾನು ಹಿರೇಕೆರೂರಿನ ಡಿಗ್ರಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಹನ್ನೊಂದು ವರ್ಷದಿಂದ, ಪಾಠ ಮುಗಿದ ಮೇಲೆ, ಸ್ಟಾಫ್ ರೂಮಿನ ಕಿಟಕಿಯ ಬದಿ ಕೂತು ಬೀಜಗಣಿತದ ರೇಖಾಗಣಿತ ಎಂಬ ದೊಡ್ಡ ಹೊಲದ ಒಂದು ಮೂಲೆಯನ್ನು ಕೆದಕುತ್ತಿದ್ದೇನೆ. ಆ ಮೂಲೆಯ ಹೆಸರು ಮಲ್ಟಿಪ್ಲಯರ್ ಐಡಿಯಲ್. ಸುತ್ತಲಿನ ನಾಲ್ಕು ತಾಲೂಕು ಜರಡಿ ಹಿಡಿದರೂ ಇದರ ಬಗ್ಗೆ ಮಾತಾಡಲು ಇನ್ನೊಂದು ಜೀವ ಸಿಗುವುದಿಲ್ಲ. ನಾನೇ ಬರೆಯುವುದು, ನಾನೇ ಓದುವುದು, ನಾನೇ ಭೇಷ್ ಎನ್ನುವುದು.

ಇಂಥ ಎರಡು ಐಡಿಯಲ್‌ಗಳನ್ನು ಗುಣಿಸಿದರೆ ಬರುವುದೂ ಅದೇ ಜಾತಿಯದೇ ಎಂದು, ಎರಡು ಚರಾಕ್ಷರಗಳ ಮಟ್ಟಿಗೆ, ನಾನೊಂದು ಪುಟ್ಟ ಸಾಧನೆ, ಅಂದರೆ ಪ್ರೂಫು, ಬರೆದಿದ್ದೆ. ವಿಷಯ ಹಳೆಯದು, ದಾರಿ ಮಾತ್ರ ನನ್ನದು. ಅದನ್ನು ಅಂತರ್ಜಾಲದಲ್ಲಿ ನೋಡಿ ನಾರ್ವೆಯ ಟ್ರಾಂಡ್‌ಹೈಮ್ ಎಂಬ ಊರಿನ ಗಣಿತಜ್ಞರು ಒಂದು ವಾರದ ಗೋಷ್ಠಿಗೆ ಕರೆದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಇಪ್ಪತ್ತು ನಿಮಿಷ. ಟಿಕೆಟ್ ಕೈಗೆ ಬಂದದ್ದೇ ತಲೆ ತಿರುಗಿತು. ಹೊರಡುವ ಮೂರು ವಾರ ಮೊದಲು, ಒಂದು ರವಿವಾರ, ಅದೇ ಸಾಧನೆ ಎಷ್ಟು ಚರಾಕ್ಷರಗಳಿದ್ದರೂ ನಡೆಯುತ್ತದೆ ಅನ್ನಿಸಿತು. ಕೊನೆಯಲ್ಲಿ "ಉಳಿದದ್ದು ಇದರಂತೆಯೇ" ಎಂದು ಒಂದು ಸಾಲು ಸೇರಿಸಿದೆ. ಭಾಷಣದ ಹೆಸರನ್ನೂ "ಎಷ್ಟಾದರೂ ಚರಾಕ್ಷರಗಳಲ್ಲಿ" ಎಂದು ಬದಲಿಸಿ ಗೋಷ್ಠಿಯ ಮುಖ್ಯಸ್ಥೆ, ಪ್ರೊಫೆಸರ್ ಇಂಗ್ರಿಡ್‌ಗೆ ಕಳಿಸಿಬಿಟ್ಟೆ. "ಬಹಳ ಆಸಕ್ತಿಕರ" ಎಂದು ಎರಡೇ ಪದದ ಉತ್ತರ ಬಂತು.

ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿಸಿಕೊಂಡರು. "ಆಸಕ್ತಿಕರ ಅಂದಾರಂದ್ರ ಮುಗೀತ ಹೋಗ್ರಿ ಮೇಡಂ. ಅಲ್ಲಿ ಮಂದಿ ಸುಮ್ಮ ಸುಮ್ಮನ ಹೊಗಳೂ ಪೈಕಿ ಅಲ್ಲ" ಎಂದರು. ನಾನು ನಂಬಿದೆ.

ಇನ್ನು ಅಕ್ಕ. ಶಾಂತಕ್ಕನನ್ನು ಸವಣೂರಿಗೆ ಕೊಟ್ಟಿದ್ದೇವೆ, ವೀಳ್ಯದೆಲೆಯ ವ್ಯಾಪಾರ ಅವರದು. ಸುದ್ದಿ ತಿಳಿದ ದಿನವೇ ಫೋನ್ ಮಾಡಿದಳು. "ಸುಮಿ, ಒಬ್ಬಾಕೀನ ಹೆಂಗ ಹೋಗ್ತೀ? ತಡಸದಾಗ ಬಸ್ ಬದಲ್ಸಾಕ ಬರೂದಿಲ್ಲ ನಿನಗ. ನಾನೂ ಬರ್ತೇನಿ." ತಡಸದ ಮಾತು ಸುಳ್ಳಲ್ಲ. ಒಮ್ಮೆ ಹುಬ್ಬಳ್ಳಿ ಬಸ್ಸೆಂದು ಹತ್ತಿ, ಒಂದು ಉಪಪ್ರಮೇಯ ಯೋಚಿಸುತ್ತ, ಮುಂಡಗೋಡದಲ್ಲಿ ಇಳಿದವಳು ನಾನು.

ವಿಮಾನದಲ್ಲಿ

ಅಕ್ಕ ನೂರು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಹಸಿ ಸೊಪ್ಪು ಆ ದೇಶದೊಳಗೆ ಒಯ್ಯುವಂತಿಲ್ಲವೆಂದು ಅರ್ಧ ದಾರಿಯಲ್ಲಿ ತಿಳಿಯಿತು. ಎಸೆಯಲು ಅವಳ ಜೀವ ಒಪ್ಪಬೇಕಲ್ಲ! ಎದ್ದು ನಿಂತು, ಹಿಂದೆ ಮುಂದೆ ಕೂತವರಿಗೆಲ್ಲ, "ತಗೋರಿ, ಸವಣೂರ ಎಲಿ. ಬಾಯಾಗ ಇಟ್ರ ಕರಗತಾವು" ಎಂದು ಹಂಚಿದಳು. ಒಬ್ಬ ಎತ್ತರದ ಬಿಳಿಯ ಮನುಷ್ಯ ಅದನ್ನು ಊಟದ ಸಲಾಡ್‌ಗೆ ಬೆರೆಸಿ ಗಂಭೀರವಾಗಿ ತಿಂದ. ಅಕ್ಕ ಅವನನ್ನು ಇಳಿಯುವವರೆಗೂ ಗೌರವದಿಂದ ನೋಡುತ್ತಿದ್ದಳು.

ಎಲೆ ಮುಗಿದ ಮೇಲೆ ನನ್ನ ಕಡೆ ತಿರುಗಿದಳು. "ಹನ್ನೊಂದ ವರ್ಷದಿಂದ ಏನ ಮಾಡಾಕತ್ತೀ ಅಂತ ಇವತ್ತರ ಹೇಳ."

"ಸಾರಿಗೆ ಖಾರ ಹೆಚ್ಚಾತಂದ್ರ ಏನ ಹಾಕ್ತೀ?"

"ಬೆಲ್ಲ. ಇಲ್ಲಾಂದ್ರ ತುಪ್ಪ."

"ಹಂಗ ನೋಡ. ಒಂದು ಗೆರಿ ಇರತೈತಿ, ಅದರಾಗ ಒಂದು ಕಡೆ ಚೂಪ ಇರತೈತಿ. ಅಲ್ಲಿ ಲೆಕ್ಕ ಮಾಡಾಕ ಹೋದ್ರ ಬಾಯಿ ಸುಡತೈತಿ, ಉತ್ತರ ಅನಂತಕ್ಕ ಹೋಗತೈತಿ. ಏನೇನ ಗುಣಿಸಿದ್ರ ಆ ಖಾರ ಇಳೀತೈತಿ ಅನ್ನೂ ಪಟ್ಟೀನ ಮಲ್ಟಿಪ್ಲಯರ್ ಐಡಿಯಲ್. ಚೂಪ ಹೆಚ್ಚಾದಂಗ ಪಟ್ಟಿ ಸಣ್ಣದಾಗತೈತಿ."

ಅಕ್ಕ ಎಲೆ ಸುತ್ತಿದ್ದ ಬಟ್ಟೆ ಮಡಚಿದಳು. "ಇಷ್ಟಕ್ಕ ನಾರ್ವೆಕ ಕರದಾರ? ನಮ್ಮತ್ತೀನೂ ಕರೀಬೇಕಿತ್ತು" ಎಂದಳು.

ಸೋಮವಾರ

ಟ್ರಾಂಡ್‌ಹೈಮ್ ಮರದ ಮನೆಗಳ ಊರು. ಹೊಳೆಯ ದಂಡೆಯಲ್ಲಿ ಕೆಂಪು, ಹಳದಿ ಗೋದಾಮುಗಳು ನೀರಿನಲ್ಲಿ ಕಾಲಿಟ್ಟು ನಿಂತಿವೆ. ಸಮುದ್ರ ಭೂಮಿಯೊಳಗೆ ನುಗ್ಗಿದ ಕಡೆ ನೀರು ಮಾಸೂರಿನ ಮದಗದ ಕೆರೆಯಷ್ಟು ಸುಮ್ಮನಿತ್ತು. ನಾವು ಉಳಿದದ್ದು ಸೋಲ್ವೇಗ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯ ಮಹಡಿಯಲ್ಲಿ. ಆಕೆಗೆ ಕನ್ನಡ ಬಾರದು, ಅಕ್ಕನಿಗೆ ಇಂಗ್ಲಿಷು ಬಾರದು. ಅರ್ಧ ತಾಸಿನಲ್ಲಿ ಇಬ್ಬರೂ ಅಡಿಗೆಮನೆಯಲ್ಲಿ ಕೂತು ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದರು.

ಜೂನ್ ತಿಂಗಳು. ಅಲ್ಲಿ ಹೊತ್ತು ಮುಳುಗುವುದೇ ಇಲ್ಲವೆಂಬಷ್ಟು ತಡ. ಅಕ್ಕ ದೇವರಿಗೆ ದೀಪ ಹಚ್ಚದೆ ಉಣ್ಣುವವಳಲ್ಲ, ದೀಪಕ್ಕೆ ಕತ್ತಲಾಗಬೇಕು. ಕಿಟಕಿಯ ಹತ್ತಿರ ಕೂತು, "ಯವ್ವಾ, ಇನ್ನೂ ಮಟಮಟ ಬಿಸಲೈತಲ್ಲ" ಎನ್ನುತ್ತ ಹಸಿದು ಸುಸ್ತಾದಳು. ಕೊನೆಗೆ ಪರದೆ ಎಳೆದು, ಕೃತಕ ಸಂಜೆ ಮಾಡಿ, ದೀಪ ಹಚ್ಚಿ ರೊಟ್ಟಿ ಬಿಚ್ಚಿದಳು.

ಆ ಜನಕ್ಕೆ ಒಂದು ಅಭ್ಯಾಸವಿದೆ. ಹೌದು ಎನ್ನುವಾಗ ಉಸಿರನ್ನು ಒಳಗೆ ಎಳೆದುಕೊಂಡು "ಯಾ" ಎನ್ನುತ್ತಾರೆ, ಹಾವು ಕಂಡವರ ಹಾಗೆ. ಸೋಲ್ವೇಗ್‌ಗೆ ದಮ್ಮು ಇದೆಯೆಂದು ಅಕ್ಕ ಶುಂಠಿ ಕಷಾಯ ಕಾಸಿ ಕೊಟ್ಟಳು. ಅವಳನ್ನು ನೋಡಿ ನಗುವ ಹಕ್ಕು ನನಗಿಲ್ಲ. ಅದೇ ಮಧ್ಯಾಹ್ನ ಪ್ರೊಫೆಸರ್ ಇಂಗ್ರಿಡ್‌ಗೆ ನನ್ನ ಪರಿಚಯ ಹೇಳಿ, "ಎಷ್ಟಾದರೂ ಚರಾಕ್ಷರಗಳಲ್ಲಿ ಮಾತಾಡುವವಳು ನಾನೇ" ಎಂದೆ. ಆಕೆ ಉಸಿರೆಳೆದು "ಯಾ" ಎಂದರು. ಈ ಹಿರಿಯ ವಿದುಷಿ ನನ್ನ ಪ್ರಮೇಯ ಕೇಳಿ ಬೆಚ್ಚಿಬಿದ್ದರೆಂದು ತಿಳಿದು ಮನೆಯವರೆಗೆ ಹೆಚ್ಚುಕಡಿಮೆ ಕುಣಿಯುತ್ತಲೇ ಬಂದೆ.

ಮಂಗಳವಾರ

ಬೆಳಿಗ್ಗೆ ಅಕ್ಕ ಕಾಣೆಯಾದಳು. ಹುಡುಕಿದರೆ ಒಂದು ಕಾಫಿ ಅಂಗಡಿಯ ಮುಂದೆ, ತಳ್ಳುಗಾಡಿಯಲ್ಲಿ ಮಲಗಿದ ಕೂಸಿನ ಪಕ್ಕ ಸೆರಗು ಸಿಕ್ಕಿಸಿ ನಿಂತಿದ್ದಾಳೆ, ಹತ್ತಿರ ಬಂದವರನ್ನೆಲ್ಲ ಗದರುತ್ತಿದ್ದಾಳೆ. "ಯಾರೋ ಪುಣ್ಯಾತಗಿತ್ತಿ ಕೂಸಿನ್ನ ಬೀದ್ಯಾಗ ಬಿಟ್ಟ ಹೋಗ್ಯಾಳ! ನಾ ಅರ್ಧ ತಾಸಿಂದ ಕಾಯಾಕತ್ತೇನಿ." ಆ ದೇಶದಲ್ಲಿ ಕೂಸು ಹೊರಗಿನ ಗಾಳಿಯಲ್ಲಿ ಮಲಗುತ್ತದೆ, ತಾಯಿ ಒಳಗೆ ಕಾಫಿ ಕುಡಿಯುತ್ತಾಳೆ, ಅದು ಪದ್ಧತಿ. ತಾಯಿ ಗಾಜಿನ ಹಿಂದಿನಿಂದ ಅಕ್ಕನನ್ನು ನೋಡುತ್ತಲೇ ಇದ್ದಳಂತೆ. ಹೊರಗೆ ಬಂದು, ಏನೂ ಕೇಳದೆ, ಅಕ್ಕನ ಕೈಗೆ ಒಂದು ಬಿಸಿ ದೋಸೆಯಂಥದ್ದನ್ನು ಕೊಟ್ಟು ನಕ್ಕಳು.

ಯಾರೂ ಏನೂ ಕೇಳುವುದಿಲ್ಲ, ಅದೇ ಆ ಊರಿನ ಸೊಗಸು. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ನಿಮ್ಮ ಕುಲಗೋತ್ರ, ರಕ್ತದೊತ್ತಡ, ಮಗಳ ಮಾರ್ಕ್ಸು ಎಲ್ಲ ಪಕ್ಕದವರಿಗೆ ಗೊತ್ತಾಗಿರುತ್ತದೆ. ಇಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಗೊಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ಗೋಷ್ಠಿಯಲ್ಲೂ ಹಾಗೆಯೇ. ಚಹದ ಹೊತ್ತಿಗೆ ಬಂದವರೆಲ್ಲ ನನ್ನ ಭಾಷಣದ ಹೆಸರು ನೋಡಿದ್ದರು. "ಓ, ಎಷ್ಟಾದರೂ! ಆಸಕ್ತಿಕರ" ಎಂದು ಬಿಸ್ಕತ್ತು ತೆಗೆದುಕೊಂಡು ಮೆಲ್ಲಗೆ ಜಾರುತ್ತಿದ್ದರು. ನಲವತ್ತು ಜನ ಗಣಿತಜ್ಞರು ನನ್ನ ಪ್ರತಿಭೆಗೆ ಮೂಕರಾಗಿದ್ದಾರೆಂದು ನಾನು ತಿಳಿದೆ. ನನ್ನಂಥ ಹುಚ್ಚಿ ಮತ್ತೊಬ್ಬಳಿಲ್ಲ.

ಬುಧವಾರ

ಬುಧವಾರ ಭಾಷಣಗಳಿಲ್ಲ, ಎಲ್ಲರೂ ದೋಣಿ ಹತ್ತಿ ಒಂದು ದ್ವೀಪ ನೋಡಲು ಹೋದರು. ನಾನು ಹೋಗಲಿಲ್ಲ. ಅಕ್ಕ ಅಂದು ಅಡ್ಡಗಾಲು ಹಾಕಿದ್ದಳು.

ಅವಳು ಊರಿನಿಂದ ಉಡಿ ತುಂಬುವ ಸಾಮಾನು ತಂದಿದ್ದಳು. ನಮ್ಮ ಕಡೆ ಹೆಣ್ಣುಮಗಳನ್ನು ಗೌರವಿಸುವುದೆಂದರೆ ರವಿಕೆಯ ಖಣ ಕೊಟ್ಟು, ಸೆರಗಿನ ಉಡಿಯಲ್ಲಿ ಕೊಬ್ಬರಿ, ಬೆಲ್ಲ ಹಾಕುವುದು. ತಂದದ್ದು ಇಂಗ್ರಿಡ್ ಒಬ್ಬರಿಗೆಂದು. ಈಗ ಸೋಲ್ವೇಗ್ ಕೂಡ ಅವಳ ಜೀವದ ಗೆಳತಿಯಾಗಿದ್ದಳು. ಸಾಮಾನು ಮೇಜಿನ ಮೇಲೆ ಸಾಲಾಗಿ ಕೂತಿತ್ತು: ಒಂದು ಕೊಬ್ಬರಿ ಗಿಟಕ, ಎರಡು ಅಚ್ಚು ಬೆಲ್ಲ, ಆರು ಶೇಂಗಾ ಉಂಡಿ.

"ಇದ್ರಾಗ ಎರಡ ಉಡಿ ಆಗಬೇಕ ನೋಡ ಸುಮಿ. ಯಾರಿಗೂ ಅಳತಿಗಿಂತ ಕಡಿಮಿ ಆಗಬಾರದು."

ಹಿರೇಬೆಂಡಿಗೇರಿಯ ನಮ್ಮ ತವರಿನಲ್ಲಿ ಉಡಿಗೆ ಒಂದು ಅಳತೆ ಇದೆ. ಒಂದು ಉಡಿಗೆ ಎರಡು ಗಿಟಕ. ಗಿಟಕ ಇಲ್ಲವೆ, ಮೂರು ಅಚ್ಚು ಬೆಲ್ಲ. ಅದೂ ಇಲ್ಲವೆ, ಏಳು ಉಂಡಿ. ಬೆರೆಸಿಯೂ ಹಾಕಬಹುದು, ಒಟ್ಟು ಭಾರ ಕಡಿಮೆಯೆಂದರೂ ಅಷ್ಟಾಗಬೇಕು, ಹೆಚ್ಚಾದರೆ ಅಡ್ಡಿಯಿಲ್ಲ. ಅವ್ವ ಗಿಟಕ ಆರಿಸುವುದು, ಉಂಡಿ ಕಟ್ಟುವುದು ಎಲ್ಲ ಈ ಭಾರಕ್ಕೆ ಹೊಂದಿಸಿಯೇ. ಅಕ್ಕ ಒಂದೊಂದನ್ನೇ ಕೈಯಲ್ಲಿ ತೂಗಿ, ಅತ್ತ ಇಟ್ಟು, ಇತ್ತ ಇಟ್ಟು, ಮತ್ತೆ ಬದಲಿಸಿದಳು. ಸೋಲ್ವೇಗ್ ಕೂಡ ಕೈಹಾಕಿದಳು. ಹೊಂದಲಿಲ್ಲ.

ನನಗೆ ಬೇಸರ ಬಂತು. "ಗಿಟಕ ಒಡದ ಹೋಳು ಮಾಡಿ ಹಾಕಕ್ಕ, ಮುಗೀತು."

ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಒಡದದ್ದು ಉಡಿಯಾಗ ಹಾಕ್ತಾರೇನ? ಬುದ್ಧಿ ಎಲ್ಲಿ ಇಟ್ಟಬಂದೀ? ಉಡಿಯಾಗ ಇಡೀದ ಬೀಳಬೇಕ, ಗಿಟಕ ಆಗಲಿ ಉಂಡಿ ಆಗಲಿ."

ನಾನು ಕುರ್ಚಿ ಎಳೆದು ಕೂತೆ. ನನ್ನ ಸಾಧನೆಯಲ್ಲಿ ನಾನು ಮಾಡಿದ್ದು ಅದನ್ನೇ, ಗಿಟಕ ಒಡೆದಿದ್ದೆ. ಬೀಜಗಣಿತದ ಒಂದು ಪದವನ್ನು ಎರಡು ಪಾಲು ಮಾಡುವಾಗ ಮೊದಲು ನಡುವೆ ಕತ್ತರಿಸಿ, ಆಮೇಲೆ ಹೋಳುಗಳನ್ನು ಅತ್ತಿತ್ತ ಸರಿಸಿ ಇಡಿಯಾಗಿಸುತ್ತಿದ್ದೆ. ಎರಡು ಜಾತಿಯ ಸಾಮಾನಿದ್ದರೆ, ಅಂದರೆ ಎರಡೇ ಚರಾಕ್ಷರಗಳಿದ್ದರೆ, ಆ ರಿಪೇರಿ ಯಾವಾಗಲೂ ಆಗುತ್ತದೆ, ಅದನ್ನು ಸರಿಯಾಗಿಯೇ ಬರೆದಿದ್ದೆ. ಮೂರು ಜಾತಿ ಬಂದಾಗ "ಇದರಂತೆಯೇ" ಎಂದು ಕೈ ತೊಳೆದುಕೊಂಡಿದ್ದೆ.

ಸೋಲ್ವೇಗ್‌ಳ ಕಿರಾಣಿ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಒಂದು ಉಡಿಯ ಭಾರ ನಲವತ್ತೆರಡು ಅನ್ನಿ. ಆಗ ಗಿಟಕ ಇಪ್ಪತ್ತೊಂದು, ಬೆಲ್ಲ ಹದಿನಾಲ್ಕು, ಉಂಡಿ ಆರು. ಮೇಜಿನ ಮೇಲಿದ್ದದ್ದು ಒಟ್ಟು ಎಂಬತ್ತೈದು. ಎರಡು ಉಡಿಗೆ ಬೇಕಾದ್ದು ಎಂಬತ್ನಾಲ್ಕು. ಬೇಕಾದ್ದಕ್ಕಿಂತ ಒಂದು ಹೆಚ್ಚೇ ಇದೆ! ಆದರೂ ಆಗದು. ಗಿಟಕ ಇಲ್ಲದ ಉಡಿ ನೋಡಿ: ಅದರಲ್ಲಿ ಬೆಲ್ಲ, ಉಂಡಿ ಮಾತ್ರ. ಅದರ ಭಾರ ಸರಿಸಂಖ್ಯೆ, ಹಾಗಾಗಿ ಸರಿಯಾಗಿ ನಲವತ್ತೆರಡೇ ಆಗಬೇಕು. ಹೆಚ್ಚಾದರೆ ಇನ್ನೊಂದಕ್ಕೆ ಸಾಲದು. ಮೂರನೆಯ ಅಚ್ಚು ಇಲ್ಲ, ಏಳನೆಯ ಉಂಡಿ ಇಲ್ಲ. ಬೆರೆಸಿದರೆ ಮೂವತ್ತೆಂಟು, ನಲವತ್ತು, ನಲವತ್ನಾಲ್ಕು, ನಲವತ್ತಾರು. ನಲವತ್ತೆರಡು ಮಾತ್ರ ಇಲ್ಲ.

ಮಲ್ಟಿಪ್ಲಯರ್ ಐಡಿಯಲ್‌ಗೆ ಒಂದು ಹಟವಿದೆ. ಭಾರ ಮುಟ್ಟಿದವರನ್ನೆಲ್ಲ ಅದು ಒಳಗೆ ಕರೆದುಕೊಳ್ಳಲೇಬೇಕು. ಒಂದು ಉಡಿ ಒಂದು ಐಡಿಯಲ್ ಆದರೆ ಎರಡು ಉಡಿ ಅವುಗಳ ಗುಣಲಬ್ಧ. ಎಂಬತ್ತೈದರ ಈ ರಾಶಿ ಭಾರ ಮುಟ್ಟಿದೆ, ಆದರೆ ಎರಡು ಉಡಿಯಾಗಿ ಒಡೆಯದ ಕಾರಣ ಗುಣಲಬ್ಧದ ಹೊರಗೇ ನಿಂತಿದೆ. ಅಂದರೆ ಗುಣಲಬ್ಧ ಆ ಜಾತಿಯದಲ್ಲ. ಅಕ್ಕನ ಉಡಿಯ ಅಳತೆ ತಾನೇ ಒಂದು ಮಲ್ಟಿಪ್ಲಯರ್ ಐಡಿಯಲ್ ಹೌದೋ ಅಲ್ಲವೋ ಎಂದು ಹತ್ತು ನಿಮಿಷ ಬೆವರಿದೆ. ಹೌದು. ಲಕ್ಷಣವಾಗಿ ಹೌದು. ನನ್ನ ಪ್ರಮೇಯ ಸತ್ತಿತ್ತು.

ಮೊದಲು ಅಳು ಬಂತು. ನಾಳೆ ಹನ್ನೊಂದಕ್ಕೆ ನಾನು ಏನು ಹೇಳಲಿ? ಮರುಕ್ಷಣ ಆ ಒಂದು ಹೆಚ್ಚಿನ ಭಾರ ನೆನಪಾಯಿತು. ಎಂಬತ್ತೈದು! ಒಂದು ಹೆಚ್ಚಿದ್ದೂ ಆಗದು! ಇಷ್ಟು ಚೆಂದದ ಅಡ್ಡಿ ನನ್ನ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ನಗು ತಡೆಯಲಾಗಲಿಲ್ಲ, ಅಳುತ್ತಲೇ ನಕ್ಕೆ. ಸೋಲ್ವೇಗ್ ಗಾಬರಿಯಾಗಿ ನೀರು ತಂದಳು.

ನೀರು ಕುಡಿದ ಮೇಲೆ ಕಳ್ಳಬುದ್ಧಿಯೂ ಬಂತು. ನಾಳೆ ಎರಡು ಚರಾಕ್ಷರದ ಸಂಗತಿಯನ್ನಷ್ಟೇ ಹೇಳಿ ಇಳಿದರೆ? ಹೊತ್ತು ಸಾಲಲಿಲ್ಲ ಅಂದರೆ ಆಯಿತು. ಈ ಸಭ್ಯ ಜನ ಸಾಯುವವರೆಗೂ ಕೇಳುವುದಿಲ್ಲ. ಅಕ್ಕನಿಗೆ ಹೇಳಿದೆ.

"ನೀ ಹೇಳ್ದಿದ್ರ ನಾ ಎದ್ದ ನಿಂತು ಹೇಳ್ತೇನಿ ನೋಡ ಮತ್ತ" ಎಂದಳು. ಅವಳು ಹಾಗೆ ಮಾಡುವವಳೇ.

ಗುರುವಾರ

ಹನ್ನೊಂದಕ್ಕೆ ಕರಿಹಲಗೆಯ ಮೇಲೆ ನನ್ನ ಭಾಷಣದ ಹೆಸರು ಬರೆದು, "ಎಷ್ಟಾದರೂ" ಎಂಬುದರ ಮೇಲೆ ಗೆರೆ ಎಳೆದು "ಎರಡು" ಎಂದು ಬರೆದೆ. "ನಾನು ಕಳಿಸಿದ ಹೆಸರು ತಪ್ಪು. ಯಾಕೆ ತಪ್ಪು ಎಂಬುದನ್ನು ನನ್ನ ಅಕ್ಕ ತೋರಿಸುತ್ತಾಳೆ" ಎಂದೆ.

ಅಕ್ಕ ಇಳಕಲ್ ಸೀರೆಯಲ್ಲಿ ಎದ್ದು ಬಂದು, ಒಂಬತ್ತು ಸಾಮಾನನ್ನು ಮೇಜಿನ ಮೇಲೆ ಜೋಡಿಸಿ, ಸಭೆಗೆ ಕೈಮುಗಿದು, "ಬರ್ರಿ, ಯಾರ ಬರ್ತೀರಿ ಬರ್ರಿ" ಎಂದಳು. ನಾನು ಅಳತೆಯ ನಿಯಮ ಹೇಳಿದೆ. ಮೊದಲು ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಗಡ್ಡದ ಪ್ರೊಫೆಸರು ಮೆಲ್ಲಗೆ ಎದ್ದು ಬಂದರು. ಇನ್ನೊಬ್ಬರು ಅವರಿಗೆ ಸಲಹೆ ಕೊಡಲು ಬಂದರು. ನಿಮಿಷದಲ್ಲಿ ಮೇಜಿನ ಸುತ್ತ ಹನ್ನೆರಡು ಜನ! ಎರಡು ಮಾರು ದೂರ ನಿಲ್ಲುವ ಜನ ಹೆಗಲಿಗೆ ಹೆಗಲು ತಾಗಿಸಿ, ಬೆಲ್ಲ ಅತ್ತ, ಉಂಡಿ ಇತ್ತ ಎಂದು ಜಗಳಾಡುತ್ತಿದ್ದರು. ಗಡ್ಡದವರು ಗುಟ್ಟಾಗಿ ಒಂದು ಉಂಡಿ ಮುರಿಯಲು ಹೋದರು. ಅಕ್ಕ ಅವರ ಕೈಮೇಲೆ ಪಟ್ಟೆಂದು ಹೊಡೆದಳು.

"ಇಡೀದ ಆಗಬೇಕ್ರಿ!"

ಅನುವಾದ ಬೇಕಾಗಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಹಲಗೆಯ ಮೇಲೆ ಎಂಬತ್ತೈದರ ಲೆಕ್ಕ ಬರೆದು, ಉಳಿದ ಎಂಟು ನಿಮಿಷದಲ್ಲಿ ಎರಡು ಚರಾಕ್ಷರದ ಸಾಧನೆಯನ್ನು ಒಂದೇ ಉಸಿರಿಗೆ ಹೇಳಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿದ್ದು ನೆನಪಿಲ್ಲ.

ಆಮೇಲೆ ಇಂಗ್ರಿಡ್ ನನ್ನನ್ನು ಪಕ್ಕಕ್ಕೆ ಕರೆದರು. "ಮೂರು ಚರಾಕ್ಷರದಲ್ಲಿ ಹೀಗೆ ಕೆಡುತ್ತದೆ ಎಂಬುದು ನಮಗೆ ಗೊತ್ತಿದ್ದದ್ದೇ. ನಿಮ್ಮ ಪತ್ರ ಬಂದ ದಿನವೇ ಹೇಳಬೇಕೆಂದು ಮೂರು ಸಲ ಬರೆದು ಅಳಿಸಿದೆ."

ನನಗೆ ಸಿಟ್ಟು ನೆತ್ತಿಗೇರಿತು. "ಮೂರು ವಾರ ಗೊತ್ತಿತ್ತೆ? ಇಲ್ಲಿ ಎಲ್ಲರಿಗೂ ಗೊತ್ತಿತ್ತೆ? ನಮ್ಮ ಕಡೆ ಸೀರೆಗೆ ಕೆಸರು ಹತ್ತಿದ್ದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಹೇಳುತ್ತಾರೆ. ನನಗೆ ಅಲ್ಲಿ ತಪ್ಪು ತೋರಿಸುವವರು ಒಬ್ಬರೂ ಇಲ್ಲ. ಅದಕ್ಕಾಗಿಯೇ ಇಷ್ಟು ದೂರ ಬಂದವಳು ನಾನು. ಭೇಷ್ ಎನ್ನಿಸಿಕೊಳ್ಳಲು ನನ್ನ ಸ್ಟಾಫ್ ರೂಮಿನ ಕನ್ನಡಿ ಸಾಕಿತ್ತು!"

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಇದಕ್ಕಾಗಿ ಬಂದದ್ದೆಂದು ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ. ಇಂಗ್ರಿಡ್ ಕಿವಿಯವರೆಗೂ ಕೆಂಪಾದರು. "ಹೇಳುವುದು ಅಗೌರವ ಅಂದುಕೊಂಡೆ" ಎಂದಷ್ಟೇ ಹೇಳಿ ಹೊರಟುಹೋದರು. ಮನೆಗೆ ಬಂದು ದೊಡ್ಡವರನ್ನು ಬೈದೆನಲ್ಲ ಎಂದು ಚಡಪಡಿಸಿದೆ.

ಶುಕ್ರವಾರ

ಬೆಳಿಗ್ಗೆ ಅಕ್ಕ ಸೋಲ್ವೇಗ್‌ಳ ಒಲೆಯಲ್ಲಿ ಶೇಂಗಾ ಹುರಿದು, ಅಲ್ಲಿಯದೇ ಕಂದು ಸಕ್ಕರೆ ಹಾಕಿ ಏಳನೆಯ ಉಂಡಿ ಕಟ್ಟಿದಳು. ಏಳು ಉಂಡಿ ಒಂದು ಕಡೆ, ಗಿಟಕ ಬೆಲ್ಲ ಇನ್ನೊಂದು ಕಡೆ. ಸೋಲ್ವೇಗ್ ತನ್ನ ಹೂವಿನ ಏಪ್ರನ್ನಿನಲ್ಲಿ ಉಡಿ ತುಂಬಿಸಿಕೊಂಡು ನಾವು ಹೊರಡುವವರೆಗೂ ಅದನ್ನು ಬಿಚ್ಚಲಿಲ್ಲ.

ಉಡಿಗೆ ಮೊದಲೇ ಕರೆದಿದ್ದರೂ, ಹಿಂದಿನ ದಿನ ಹಾಗೆ ಬೈದ ಮೇಲೆ ಇಂಗ್ರಿಡ್ ಬರುವುದಿಲ್ಲ ಅಂದುಕೊಂಡಿದ್ದೆ. ಹತ್ತು ಗಂಟೆಗೆ ಬಾಗಿಲು ಬಡಿದರು. ಅಕ್ಕ ಏನೂ ನಡೆದೇ ಇಲ್ಲವೆಂಬಂತೆ, "ಬರ್ರಿ, ಕುಂದರ್ರಿ" ಎಂದು ಕೂಡಿಸಿ, ಆಕೆಯ ಮಳೆಯಂಗಿಯ ತುದಿಯನ್ನೇ ಹಿಡಿಸಿ ಏಳು ಉಂಡಿ ಹಾಕಿದಳು. ಇಂಗ್ರಿಡ್ ಆ ಭಾರವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಚೀಲದೊಳಗಿನ ಒಂದು ಕಟ್ಟು ಕಾಗದ ತೆಗೆದು ನನ್ನ ಮುಂದಿಟ್ಟರು.

"ನಾಲ್ಕು ವರ್ಷದ ಕೆಲಸ. ಎಲ್ಲರೂ ಓದಿ ಆಸಕ್ತಿಕರ ಅಂದಿದ್ದಾರೆ" ಎಂದರು. ಕಟ್ಟನ್ನು ಇನ್ನಷ್ಟು ನನ್ನ ಕಡೆ ಸರಿಸಿ, "ಯಾರೂ ಮತ್ತೇನೂ ಹೇಳುವುದಿಲ್ಲ. ನೀವು ಓದುತ್ತೀರಾ?" ಎಂದರು.

ವಿಮಾನಕ್ಕೆ ಇನ್ನೂ ಐದು ತಾಸಿತ್ತು. ಅಕ್ಕ ಚಹ ಇಟ್ಟಳು. ನಾನು ಓದತೊಡಗಿದೆ. ಎಂಥ ಕೈ ಅದು! ಒಂದೊಂದು ಪುಟಕ್ಕೂ ಒಳಗೊಳಗೇ ಚಪ್ಪಾಳೆ ತಟ್ಟಿದೆ. ಆರನೆಯ ಪುಟದ ನಡುವೆ ಬೆರಳು ನಿಂತಿತು. ಮತ್ತೆ ಓದಿದೆ, ಹಿಂದಿನ ಪುಟ ತಿರುಗಿಸಿ ಬಂದೆ. ಇಂಗ್ರಿಡ್ ನನ್ನ ಬೆರಳನ್ನೇ ನೋಡುತ್ತಿದ್ದರು.

"ಇದು ತಪ್ಪು" ಎಂದೆ.

ಆಕೆ ಉಂಡಿಗಳನ್ನು ಮೇಜಿನ ಮೇಲೆ ಇಳಿಸಿ, ಕುರ್ಚಿಯನ್ನು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು.

"ಎಲ್ಲಿ?"